ಹಳೆಯ ಜೀಪಿನ ಸಪ್ಪಳ

ಬೆಳಗಾವಿ ಜಿಲ್ಲೆಯ ಉತ್ತರಕ್ಕೆ, ನಿಪ್ಪಾಣಿಯಿಂದ ಅಥಣಿಯವರೆಗೆ ಹಬ್ಬಿರುವ ಎರೆಭೂಮಿಗೆ ಎರಡು ಮುಖಗಳುಂಟು. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತೆ ಗಡುಸಾಗುವ ಈ ಮಣ್ಣು ಮೊದಲ ಮಳೆ ಬಿದ್ದೊಡನೆ ಗಾಲಿಯನ್ನು ಹಿಡಿದು ಬಿಡದ ಅಂಟಾಗುತ್ತದೆ. ನಿಪ್ಪಾಣಿಯ ತಂಬಾಕಿನ ಹೊಲವಿರಲಿ, ಚಿಕ್ಕೋಡಿ-ರಾಯಬಾಗಗಳ ಕಬ್ಬಿನ ಹೊಲವಿರಲಿ, ಕಾಗವಾಡದ ಕಡೆಯ ಕೃಷ್ಣಾತೀರವಿರಲಿ, ಡಾಂಬರು ರಸ್ತೆಯಿಂದ ಇಳಿದು ಹೊಲದ ದಾರಿ ಹಿಡಿದಾಗಲೇ ಇಲ್ಲಿಯ ನಿಜವಾದ ಪ್ರಯಾಣ ಆರಂಭವಾಗುವುದು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲವನ್ನು ಹಾಯಿಸಬಲ್ಲ ವಾಹನ ಇಂಥ ನೆಲದಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ; ಮಾರುತಿಯ ಜಿಪ್ಸಿ ಬಂದದ್ದು 1985ರಲ್ಲಿ. ಈ ಎರಡು ಕುಲಗಳ ಹಳೆಯ ವಾಹನಗಳನ್ನು ಮನೆಯ ಎತ್ತುಗಳಂತೆ ಸಾಕಿಕೊಂಡು ಬಂದವರು ಇಂದಿಗೂ ಇದ್ದಾರೆ. ಅಂಥವರಿಗಾಗಿ ಈ ನಾಲ್ಕು ಮಾತು.

ತರಗತಿಯಲ್ಲಿ ಯಂತ್ರಶಾಸ್ತ್ರ ಹೇಳಿಕೊಟ್ಟು, ಬಿಡುವಿನಲ್ಲಿ ಈ ಭಾಗದ ಗ್ಯಾರೇಜುಗಳ ಬಾಗಿಲಲ್ಲಿ ಕುಳಿತು ಕಾಲ ಕಳೆದವನು ನಾನು. ಅಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಸಂಭಾಷಣೆ ಇದು. “ಗಾಡ್ಯಾಗ ಏನೋ ಆವಾಜ ಬರಾಕತ್ತೈತ್ರಿ ಮಿಸ್ತ್ರಿ.” “ಎಲ್ಲಿಂದ ಬರತೈತ್ರಿ ಸಾವಕಾರ್ರ?” “ಕೆಳಗಿಂದ ಬಂದಂಗ ಆಗತೈತಿ, ನೀವ ನೋಡ್ರಿ.” ಇಷ್ಟೇ. ಈ ಮೂರು ಮಾತಿನ ಮೇಲೆ ಗೇರ್‌ಬಾಕ್ಸು ಕೆಳಗಿಳಿಯುತ್ತದೆ, ಹಿಂದಿನ ಹೌಸಿಂಗು ಬಿಚ್ಚಿಕೊಳ್ಳುತ್ತದೆ, ಒಂದು ವಾರದ ಕೆಲಸ ಕೆಡುತ್ತದೆ, ಕಬ್ಬಿನ ಬಿಲ್ಲಿನ ಒಂದು ಪಾಲು ಕರಗುತ್ತದೆ. ಕೊನೆಗೆ ಸಪ್ಪಳದ ಮೂಲ ಒಂದು ಒಣಗಿದ ಕ್ರಾಸು, ಇಲ್ಲವೆ ಸಡಿಲಾದ ನಾಲ್ಕು ನಟ್ಟು ಎಂದು ತಿಳಿಯುವುದೂ ಉಂಟು. ಇದರಲ್ಲಿ ಮಿಸ್ತ್ರಿಯ ತಪ್ಪು ಅರ್ಧ. ಇನ್ನರ್ಧ ಮಾತಿನ ಬಡತನದ್ದು. ಸಪ್ಪಳ ಎಂಥದು, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಸರಿಯಾಗಿ ಹೇಳಬಲ್ಲ ಮಾಲೀಕ ಪಾನಾ ಕೈಗೆ ತೆಗೆದುಕೊಳ್ಳುವ ಮೊದಲೇ ಅರ್ಧ ರಿಪೇರಿ ಮಾಡಿದಂತೆ.

ಹಾಗೆ ಹೇಳಲು ಬೇಕಾದ ಸಾಮಗ್ರಿ ನಮ್ಮ ಭಾಷೆಯಲ್ಲಿ ಧಾರಾಳವಾಗಿದೆ. ಅನುಕರಣ ಶಬ್ದಗಳಲ್ಲಿ ಕನ್ನಡ ಬಡವಲ್ಲ. ಕಟಕಟ, ಗರಗರ, ಚಿರಚಿರ, ಗುಂಯ್, ಧಡ್, ಟಣ್—ಇವು ಒಂದೊಂದೂ ಒಂದೊಂದು ಬಗೆಯ ಸವೆತದ ಹೆಸರು. ಕಾಗವಾಡದಿಂದ ಕೆಲವೇ ಮೈಲಿಯಾಚೆ, ಮಿರಜಿನಲ್ಲಿ ತಂಬೂರಿ ಮಾಡುವವರು ತಂತಿಯ ಕೆಳಗೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ನಾದ ಬಿಚ್ಚಿಕೊಳ್ಳುವುದನ್ನು ಕೇಳುತ್ತಾರೆ. ಅಷ್ಟು ಸೂಕ್ಷ್ಮವಾದ ಕಿವಿ ಜೀಪಿಗೆ ಬೇಡ. ಆದರೆ ಚಕ್ಕಡಿಯ ಅಚ್ಚು ಕಿರುಗುಟ್ಟಿದೊಡನೆ ಕೀಲೆಣ್ಣೆಯ ಗೊಟ್ಟ ಹುಡುಕುತ್ತಿದ್ದ ನಮ್ಮ ಹಿರಿಯರ ಕಿವಿಯಷ್ಟಾದರೂ ಬೇಕು.

ಮೊದಲು ಬಲ ಹರಿಯುವ ದಾರಿಯನ್ನು ನೋಡೋಣ. ಎಂಜಿನ್ನಿನಿಂದ ಹೊರಟ ಬಲ ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ದಾಟಿ, ಅದರ ಬೆನ್ನಿಗೆ ಅಂಟಿರುವ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಇದು ಕಾಲುವೆಯ ತೂಬಿನಂತೆ ಬಲವನ್ನು ಎರಡಾಗಿ ಹಂಚುವ ಪೆಟ್ಟಿಗೆ. ಇಲ್ಲಿಂದ ಒಂದು ಶಾಫ್ಟು ಹಿಂದಕ್ಕೆ, ಒಂದು ಮುಂದಕ್ಕೆ. ಪ್ರತಿ ಶಾಫ್ಟಿನ ಎರಡು ತುದಿಗೂ ಒಂದೊಂದು ಕ್ರಾಸು. ಪ್ರತಿ ಕ್ರಾಸಿನ ನಾಲ್ಕು ಕೈಗಳಿಗೂ ಸೂಜಿಯಂಥ ರೋಲರುಗಳು ತುಂಬಿದ ಒಂದೊಂದು ಬಟ್ಟಲು. ಅಂದರೆ ಗಾಡಿಯ ಹೊಟ್ಟೆಯಡಿಯಲ್ಲಿ ಗ್ರೀಸಿಗಾಗಿ ಬಾಯ್ದೆರೆದ ಹದಿನಾರು ಬಟ್ಟಲುಗಳಿವೆ. ಶಾಫ್ಟುಗಳ ಆಚೆ ಮುಂದೊಂದು ಹಿಂದೊಂದು ಡಿಫರೆನ್ಷಿಯಲ್, ಅದರೊಳಗೆ ಕ್ರೌನು ಮತ್ತು ಪಿನಿಯನ್; ಅಲ್ಲಿಂದ ಎಕ್ಸೆಲ್, ಹಬ್, ಬೇರಿಂಗು, ಗಾಲಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನಿಂದ ಬೇರೆಯಾಗಿ ಕುಳಿತಿರುವುದರಿಂದ ನಡುವೆ ಇನ್ನೊಂದು ಗಿಡ್ಡ ಶಾಫ್ಟು ಹೆಚ್ಚು.

ಇಲ್ಲಿ ಒಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಮುಂದಿನ ಗಾಲಿಗಳನ್ನು ಬಿಡಿಸುವ ವಿಶೇಷ ಹಬ್ ಹಾಕಿಸಿರದ ಜೀಪಿನಲ್ಲಿ, ಫೋರ್ ವೀಲ್ ಹಾಕದಿದ್ದಾಗಲೂ ಮುಂದಿನ ಎಕ್ಸೆಲ್, ಕ್ರೌನು, ಶಾಫ್ಟು ಎಲ್ಲವೂ ಗಾಲಿಯ ಜೊತೆಗೆ ಸುಮ್ಮನೆ ತಿರುಗುತ್ತಲೇ ಇರುತ್ತವೆ. “ಮುಂದಿನ ಗೇರು ಹಾಕೇ ಇಲ್ಲ, ಅಲ್ಲಿಂದ ಹೆಂಗ ಆವಾಜ ಬಂದೀತು?” ಎಂಬ ವಾದ ಆದ್ದರಿಂದ ನಿಲ್ಲುವುದಿಲ್ಲ. ಹಿಂದಿನ ಹೌಸಿಂಗನ್ನು ಬಿಚ್ಚಿ ಏನೂ ಸಿಗದೆ ಕೈಚೆಲ್ಲಿದ ಎಷ್ಟೋ ಪ್ರಸಂಗಗಳಲ್ಲಿ ಸಪ್ಪಳ ಮುಂದಿನ ಶಾಫ್ಟಿನದಾಗಿರುತ್ತದೆ.

ಇನ್ನು ಒಂದು ಸಣ್ಣ ಲೆಕ್ಕ. ಅನೇಕ ಹಳೆಯ ಜೀಪುಗಳಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಎಂದರೆ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಲಿ ನಿಮಿಷಕ್ಕೆ ಸುಮಾರು 450 ಸುತ್ತು ಬಂದರೆ ಶಾಫ್ಟು ಸುಮಾರು 2,400 ಸುತ್ತು ಬರುತ್ತದೆ. ಈ ಲೆಕ್ಕದ ಉಪಯೋಗ ನಡಿಗೆಯ ವೇಗದಲ್ಲಿ ತಿಳಿಯುತ್ತದೆ. ಗಾಡಿಯನ್ನು ಮೆಲ್ಲಗೆ ಬಿಟ್ಟು, ಜೊತೆಯವರೊಬ್ಬರನ್ನು ಪಕ್ಕದಲ್ಲಿ ನಡೆಸಿ, ಗಾಲಿಯ ಮೇಲೆ ಸುಣ್ಣದ ಗುರುತು ಹಾಕಿ ನೋಡಿರಿ. ಗುರುತು ಒಂದು ಸಲ ಕೆಳಗೆ ಬಂದಾಗ ‘ಟಕ್’ ಎಂದು ಒಂದೇ ಸಲ ಕೇಳಿದರೆ ದೋಷ ಗಾಲಿಯಲ್ಲಿ, ಬ್ರೇಕಿನ ಡ್ರಮ್ಮಿನಲ್ಲಿ, ಇಲ್ಲವೆ ಟಾಯರಿಗೆ ಸಿಕ್ಕ ಕಲ್ಲಿನಲ್ಲಿ. ಅಷ್ಟರಲ್ಲೇ ಐದಾರು ಸಲ ಕೇಳಿದರೆ ದೋಷ ಶಾಫ್ಟಿನ ಕಡೆಗೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಯಿಂದ ಅರ್ಧ ಗಾಡಿ ಆರೋಪದಿಂದ ಮುಕ್ತವಾಗುತ್ತದೆ.

ಮುಂದೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು.

ಮೊದಲನೆಯದು, ಸಪ್ಪಳ ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೋ ಗಾಲಿಯ ವೇಗವನ್ನು ಅನುಸರಿಸುತ್ತದೆಯೋ? ಸಪಾಟಾದ, ನಿರ್ಜನವಾದ ರಸ್ತೆಯಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದು ಗಾಡಿಯನ್ನು ಉರುಳಲು ಬಿಡಿರಿ. ಎಂಜಿನ್ನು ತಣ್ಣಗಾದರೂ ಸಪ್ಪಳ ಮುಂದುವರಿದರೆ ಅದು ಟ್ರಾನ್ಸ್‌ಫರ್ ಕೇಸಿನಿಂದ ಗಾಲಿಯವರೆಗಿನ ಭಾಗದ್ದು.

ಎರಡನೆಯದು, ಭಾರ ಬಿದ್ದಾಗ ಬರುವುದೋ, ಭಾರ ಕಳೆದಾಗ ಬರುವುದೋ? ಇದಕ್ಕೆ ನಿಪ್ಪಾಣಿಯ ಬಳಿಯ ತವಂದಿ ಘಾಟಿಗಿಂತ ಒಳ್ಳೆಯ ಪರೀಕ್ಷಾಂಗಣ ಈ ಭಾಗದಲ್ಲಿಲ್ಲ. ಏರುವಾಗ ಎಂಜಿನ್ನು ಗಾಲಿಯನ್ನು ದೂಡುತ್ತದೆ. ಗೇರಿನಲ್ಲೇ ಇಳಿಯುವಾಗ ಗಾಲಿ ಎಂಜಿನ್ನನ್ನು ದೂಡುತ್ತದೆ. ಹಲ್ಲಿನ ಒಂದು ಮೈ ಏರಿನಲ್ಲಿ ಒತ್ತಿದರೆ ಇನ್ನೊಂದು ಮೈ ಇಳಿಜಾರಿನಲ್ಲಿ ಒತ್ತುತ್ತದೆ. ಒಂದು ಕಡೆ ಮಾತ್ರ ಗುಂಯ್‌ಗುಟ್ಟುವ ಸಪ್ಪಳಕ್ಕೆ ಕ್ರೌನು-ಪಿನಿಯನ್ನುಗಳ ಮೇಲೆ ಮೊದಲ ಸಂಶಯ. ಘಾಟಿಯಲ್ಲಿ ಮಾತ್ರ ನ್ಯೂಟ್ರಲ್ ಮಾಡಬಾರದು. ಆ ಪರೀಕ್ಷೆ ಸಪಾಟು ರಸ್ತೆಗೇ ಮೀಸಲು.

ಮೂರನೆಯದು, ತಿರುವಿನಲ್ಲಿ ಬದಲಾಗುವುದೋ? ಎಡಕ್ಕೆ ಹೊರಳಿದಾಗ ಗಾಡಿಯ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ. ಆಗ ಹೆಚ್ಚುವ, ಬಲಕ್ಕೆ ಹೊರಳಿದಾಗ ತಗ್ಗುವ ಗರಗರ ಸಾಮಾನ್ಯವಾಗಿ ಬಲಗಾಲಿಯ ಬೇರಿಂಗಿನದು. ಡಾಂಬರಿನಿಂದ ಮಣ್ಣಿನ ದಾರಿಗೆ ಇಳಿದೊಡನೆ ಸಪ್ಪಳದ ಸ್ವರವೇ ಬದಲಾದರೆ ಅದು ಬೇರಿಂಗಲ್ಲ, ಟಾಯರು.

ನಾಲ್ಕನೆಯದು, ಎಲ್ಲ ಗೇರುಗಳಲ್ಲೂ ಇದೆಯೋ? ಟಾಪ್ ಗೇರಿನಲ್ಲಿ ಬಲ ಗೇರ್‌ಬಾಕ್ಸನ್ನು ನೇರವಾಗಿ ಹಾಯ್ದುಹೋಗುವ ಹಳೆಯ ಜೀಪುಗಳಲ್ಲಿ, ಕೆಳಗಿನ ಗೇರುಗಳಲ್ಲಿ ನರಳಿ ಟಾಪಿನಲ್ಲಿ ಶಾಂತವಾದರೆ ದೋಷ ಗೇರ್‌ಬಾಕ್ಸಿನೊಳಗೆ. ಆದರೆ ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಬಲ ಯಾವಾಗಲೂ ಹಲ್ಲುಗಳ ಮೂಲಕವೇ ಸಾಗುವುದರಿಂದ ಸ್ವಲ್ಪ ಗುನುಗು ಅದರ ಹುಟ್ಟುಗುಣ. ಅದನ್ನು ಬೇನೆಯೆಂದು ಬಗೆದು ಮದ್ದು ಹುಡುಕಬೇಕಾಗಿಲ್ಲ. ಹೊಸದಾಗಿ ಹುಟ್ಟಿದ ಸಪ್ಪಳ, ಬೆಳೆಯುತ್ತಿರುವ ಸಪ್ಪಳ—ಇವೆರಡಕ್ಕೇ ನಾವು ಹೆದರಬೇಕಾದದ್ದು.

ಈಗ ಒಂದೊಂದೇ ಸಪ್ಪಳದ ಪರಿಚಯ. ನಿಧಾನವಾಗಿ ಹೊರಟಾಗ ಗುಬ್ಬಿಯಂತೆ ಚಿರಚಿರ ಎಂದು, ವೇಗದೊಂದಿಗೆ ಅದೇ ತಾಳ ತೀವ್ರವಾದರೆ ಕ್ರಾಸಿನ ಬಟ್ಟಲು ಒಣಗಿದೆ ಎಂದರ್ಥ. ಗ್ರೀಸ್ ಗನ್ನಿನಿಂದ ಹೊಸ ಗ್ರೀಸು ನಾಲ್ಕು ಬಟ್ಟಲುಗಳಿಂದಲೂ ಹೊರಗೆ ಇಣುಕುವ ತನಕ ತುಂಬಬೇಕು. ಹೊರಬಂದ ಹಳೆಯ ಗ್ರೀಸು ತುಕ್ಕಿನಂತೆ ಕೆಂಪಗಿದ್ದರೆ ಆ ಕ್ರಾಸಿನ ಆಯುಷ್ಯ ಮುಗಿದಿದೆ. ಗ್ರೀಸು ಅದಕ್ಕೆ ಔಷಧಿಯಲ್ಲ, ಕೊನೆಯ ಗುಟುಕು. ಗಾಡಿ ಹೊರಡುವಾಗ, ರಿವರ್ಸಿನಿಂದ ಮುಂದಕ್ಕೆ ಬರುವಾಗ ‘ಟಣ್’ ಎಂದರೆ ಎಲ್ಲೋ ಸಡಿಲವಿದೆ. ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಚಿ ಕ್ರಾಸು ಮತ್ತು ಅದನ್ನು ಹಿಡಿದ ಕವಲಿನ ನಡುವೆ ಕಣ್ಣಿಟ್ಟು ನೋಡಬೇಕು. ಅಲ್ಲಿ ಚಲನೆಯಿಲ್ಲದಿದ್ದರೆ ಶಾಫ್ಟು ಉದ್ದ-ಗಿಡ್ಡವಾಗಲೆಂದು ಇಟ್ಟ ಜಾರುಹಲ್ಲುಗಳನ್ನೂ ಫ್ಲೇಂಜಿನ ನಟ್ಟುಗಳನ್ನೂ ಪಿನಿಯನ್ನಿನ ನಟ್ಟನ್ನೂ ಪರೀಕ್ಷಿಸಬೇಕು. ಮುಂದಿನ ಗೇರು ಹಾಕಿ ಪೂರ್ತಿ ಹೊರಳಿಸಿದಾಗ ಮಾತ್ರ ಕಟಕಟ ಎಂದರೆ ಮುಂದಿನ ಗಾಲಿಯ ಬಳಿಯ, ಮುಚ್ಚಿದ ಗುಂಡಿನೊಳಗಿನ ಕೀಲು ಸವೆದಿದೆ.

ಸಪ್ಪಳದ ಬದಲು ನಡುಕ ಬಂದರೆ, ಅದೂ ಒಂದು ನಿಶ್ಚಿತ ವೇಗದಲ್ಲಿ ಮಾತ್ರ ಬಂದರೆ, ಶಾಫ್ಟಿನ ತೂಕದ ಸಮತೋಲ ತಪ್ಪಿದೆ. ನಮ್ಮ ನೆಲದಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಶಾಫ್ಟಿನ ಒಂದು ಮಗ್ಗುಲಿಗೆ ಅಂಟಿ ಒಣಗಿದ ಎರೆಮಣ್ಣಿನ ಹೆಂಟೆ. ಅದಕ್ಕೆ ಎರಡು ಕೊಡ ನೀರೇ ಮದ್ದು. ಮೊದಲು ತೊಳೆಯಿರಿ, ಅನಂತರ ಗ್ಯಾರೇಜಿಗೆ ಹೋಗಿರಿ. ತೊಳೆದ ಮೇಲೂ ನಡುಕ ಉಳಿದರೆ ಶಾಫ್ಟನ್ನು ಹಿಂದೆ ಬಿಚ್ಚಿ ಜೋಡಿಸಿದ್ದುಂಟೇ ಎಂದು ನೆನಪಿಸಿಕೊಳ್ಳಿರಿ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ವಿವರಿಸಿದ ಈ ಕೀಲಿಗೆ ಒಂದು ವಿಚಿತ್ರ ಗುಣವಿದೆ. ಅದು ಕೋನದಲ್ಲಿ ತಿರುಗುವಾಗ ಆಚೆಯ ತುದಿ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂಜರಿಯುತ್ತದೆ. ಎರಡನೆಯ ಕ್ರಾಸು ಈ ಏರುಪೇರನ್ನು ಅಳಿಸಿಹಾಕುತ್ತದೆ. ಆದರೆ ಅದಕ್ಕೆ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿರಬೇಕು, ಎರಡೂ ಕಡೆಯ ಕೋನ ಸಮನಾಗಿರಬೇಕು. ಜಾರುಹಲ್ಲನ್ನು ಒಂದು ಮನೆ ತಪ್ಪಿಸಿ ಕೂಡಿಸಿದರೂ ಏರುಪೇರು ಉಳಿದುಬಿಡುತ್ತದೆ. ಆದ್ದರಿಂದ ಬಿಚ್ಚುವ ಮುನ್ನ ಎರಡೂ ಭಾಗಗಳ ಮೇಲೆ ಒಂದೇ ಗೆರೆಯಲ್ಲಿ ಗುರುತು ಕೊರೆದಿಡುವುದು ಒಳ್ಳೆಯ ಮಿಸ್ತ್ರಿಯ ಲಕ್ಷಣ. ಹೆಚ್ಚು ಭಾರ ಹೊರಲೆಂದು ಕಮಾನಿಗೆ ಪಟ್ಟಿಗಳನ್ನು ಕೂಡಿಸಿ ಗಾಡಿಯನ್ನು ಎತ್ತರಿಸಿದಾಗಲೂ ಶಾಫ್ಟಿನ ಕೋನ ಕೆಟ್ಟು ಇದೇ ನಡುಕ ಹುಟ್ಟುತ್ತದೆ.

ಕೆಲವು ಸಪ್ಪಳಗಳು ಯಂತ್ರದ ದೋಷವಲ್ಲ, ನಡೆಸುವವನ ರೂಢಿಯ ಫಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಹಳೆಯ ಜೀಪಿನಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಲ್ಪಟ್ಟಿರುವುದರಿಂದ ಈ ವ್ಯತ್ಯಾಸಕ್ಕೆ ಅವಕಾಶವಿಲ್ಲ. ಕೆಸರಿನಲ್ಲಿ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನ ಮೇಲೆ ಗಾಲಿ ಜಾರದು, ಬಿಗಿತ ಹಗ್ಗದ ಹುರಿಯಂತೆ ಒಳಗೇ ಕೂಡುತ್ತದೆ. ಸ್ಟಿಯರಿಂಗು ಗಡುಸಾಗುತ್ತದೆ, ಲಿವರು ಹೊರಬರಲೊಲ್ಲದು, ಕೊನೆಗೆ ‘ಧಡ್’ ಎಂದು ಎದೆ ನಡುಗಿಸುವ ಸಪ್ಪಳ. ಲಿವರನ್ನು ಒದೆಯಬಾರದು. ಗಾಡಿಯನ್ನು ನೇರವಾಗಿ ನಾಲ್ಕು ಮಾರು ಹಿಂದಕ್ಕೆ ಬಿಟ್ಟರೆ ಹುರಿ ಬಿಚ್ಚಿಕೊಂಡು ಲಿವರು ತಾನಾಗಿ ಹಗುರಾಗುತ್ತದೆ. ಮುಂದೆ ಹೊಸ ಟಾಯರು, ಹಿಂದೆ ಸವೆದ ಟಾಯರು ಹಾಕಿದಾಗಲೂ ಇದೇ ಸಂಕಟ.

ನದೀತೀರದವರು ನೀರಿನ ಮಾತನ್ನು ಮರೆಯುವಂತಿಲ್ಲ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ ಉಕ್ಕಿದಾಗ ಈ ಭಾಗದ ಊರುಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದಲೂ ಉಸಿರುಗೊಳವೆಯಿಂದಲೂ ನೀರನ್ನು ಒಳಕ್ಕೆ ಹೀರುತ್ತದೆ. ಸಪ್ಪಳ ಅಂದೇ ಬರುವುದಿಲ್ಲ. ತುಕ್ಕು ಬೇರಿಂಗನ್ನು ತಿಂದ ಮೇಲೆ, ನೆರೆಯ ನೆನಪು ಮಾಸಿದ ಮೇಲೆ ಬರುತ್ತದೆ. ನೀರಿನಲ್ಲಿ ಇಳಿದ ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹೌಸಿಂಗಿನ ಕೆಳಗಿನ ಬಿರಡೆಯನ್ನು ಸ್ವಲ್ಪ ಸಡಿಲಿಸಿದರೆ, ಭಾರವಾದ ನೀರು ಮೊದಲು ಹೊರಬರುತ್ತದೆ. ಆಯಿಲು ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಪೂರ್ತಿ ಚೆಲ್ಲಿ ಹೊಸದನ್ನು ಹಾಕಬೇಕು. ಹಬ್ಬುಗಳನ್ನೂ ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಬೇಕು. ಆಯಿಲಿನ ಖರ್ಚೆಲ್ಲಿ, ಕ್ರೌನು-ಪಿನಿಯನ್ನಿನ ಖರ್ಚೆಲ್ಲಿ!

ಇಷ್ಟು ಕೇಳಿದವರು ಗಾಡಿಯ ಅಡಿಗೆ ತೂರಲು ಹೊರಡುವ ಮುನ್ನ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಗಾಲಿಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿನಲ್ಲಿದ್ದು ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಶಾಫ್ಟನ್ನು ಕಳಚಿದ ಕ್ಷಣವೇ ಗಾಡಿಗೆ ಹ್ಯಾಂಡ್ ಬ್ರೇಕಿಲ್ಲದಂತಾಗುತ್ತದೆ. ಅಷ್ಟೇ ಅಲ್ಲ, ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದರೂ ಸಾಕು. ಎತ್ತಿದ ಗಾಲಿ ಡಿಫರೆನ್ಷಿಯಲ್ಲಿನ ಮೂಲಕ ಹಿಮ್ಮುಖ ತಿರುಗಿ ನೆಲದ ಗಾಲಿಗೆ ಉರುಳಲು ದಾರಿ ಮಾಡಿಕೊಡುತ್ತದೆ. ಬ್ರೇಕು ಎಳೆದಿದೆ ಎಂಬ ಧೈರ್ಯದಿಂದ ಕೆಳಗೆ ಮಲಗಿದವನ ಎದೆಯ ಮೇಲೆ ಗಾಡಿ ಬರಬಹುದು. ಸಪಾಟು ನೆಲ, ಗಾಲಿಗಳಿಗೆ ಮುಂದೂ ಹಿಂದೂ ಗಟ್ಟಿಯಾದ ಕಲ್ಲು, ಜಾಕಿನ ಜೊತೆಗೆ ದಪ್ಪ ಮರದ ದಿಮ್ಮಿಯ ಆಸರೆ—ಈ ಮೂರಿಲ್ಲದೆ ಯಾರೂ ಅಡಿಗೆ ಹೋಗಬಾರದು. ಸಪ್ಪಳವನ್ನು ಉಪೇಕ್ಷಿಸುವುದರಲ್ಲೂ ಇಂಥದೇ ಅಪಾಯವುಂಟು. ಓಡುವಾಗ ಶಾಫ್ಟಿನ ಮುಂದಿನ ತುದಿಯ ಕ್ರಾಸು ತುಂಡಾದರೆ ಆ ತುದಿ ಕೆಳಗೆ ಬಿದ್ದು ಈಟಿಯಂತೆ ರಸ್ತೆಗೆ ನಾಟಿಕೊಳ್ಳಬಹುದು. ಒಳಗೆ ಎಂಟು ಹತ್ತು ಜನ ಕುಳಿತಿರುವಾಗ, ಗಾಡಿ ಕೃಷ್ಣೆಯ ಸೇತುವೆಯ ಮೇಲಿರುವಾಗ, ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭದ್ರವಾಗಿ ನಿಲ್ಲಿಸಿದ ಮೇಲೆ ಕೈಯಿಂದ ಮಾಡುವ ಪರೀಕ್ಷೆಗಳು ಸುಲಭ. ಎತ್ತಿದ ಮುಂದಿನ ಗಾಲಿಯನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲುಗಿಸಿರಿ. ಅಲುಗಿದರೆ ಒಬ್ಬರಿಗೆ ಬ್ರೇಕು ಒತ್ತಲು ಹೇಳಿರಿ. ಬ್ರೇಕು ಒತ್ತಿದಾಗ ಅಲುಗಾಟ ನಿಂತರೆ ಸಡಿಲ ಹಬ್ಬಿನ ಬೇರಿಂಗಿನಲ್ಲಿ. ನಿಲ್ಲದಿದ್ದರೆ ಗಾಲಿ ಹೊರಳುವ ಕಿಂಗ್‌ಪಿನ್ನಿನಲ್ಲಿ. ಬೇರಿಂಗಿನಲ್ಲಿ ಗುಳಿ ಬಿದ್ದಿರದಿದ್ದರೆ ಹೊಸದು ಬೇಡ. ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿತ ಬರುವ ತನಕ ಕೂಡಿಸಿ, ಸುತ್ತಿನ ಆರನೆಯ ಒಂದು ಪಾಲಿನಷ್ಟು ಹಿಂದಕ್ಕೆ ಬಿಟ್ಟು, ಲಾಕಿನ ತಗಡನ್ನು ಮಡಿಸಿದರೆ ಸಾಕು. ಹತ್ತು ಮೈಲಿ ಓಡಿಸಿ ಬಂದು ನಾಲ್ಕೂ ಹಬ್ಬುಗಳನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿರಿ. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಸುಟ್ಟರೆ ಅಲ್ಲಿ ಬಿಗಿತ ಹೆಚ್ಚಾಗಿದೆ, ಇಲ್ಲವೆ ಬ್ರೇಕು ಹಿಡಿಯುತ್ತಿದೆ. ಮುಂದೋ ಹಿಂದೋ ಎಂಬ ಸಂಶಯ ಉಳಿದರೆ ಮುಂದಿನ ಶಾಫ್ಟನ್ನು ಪೂರ್ತಿ ಕಳಚಿಟ್ಟು ಓಡಿಸಬಹುದು. ಸಪ್ಪಳ ಮಾಯವಾದರೆ ಕಳ್ಳ ಸಿಕ್ಕಿದಂತೆಯೇ.

ಕ್ರೌನು-ಪಿನಿಯನ್ನುಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಮೊದಲು ಆಯಿಲಿನ ಮಟ್ಟ ನೋಡಿರಿ, ಅದು ಇ.ಪಿ. 90ರಂಥ ಗೇರ್ ಆಯಿಲಾಗಿರಬೇಕು. ತಳದಲ್ಲಿ ಬೆಳ್ಳಿಯ ಪುಡಿಯಂಥ ಮಿನುಗು ಸಹಜ. ಚೂರುಗಳು ಸಿಕ್ಕರೆ ಬಿಚ್ಚಲೇಬೇಕು. ಇವೆರಡೂ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೊಂಡರೆ ಸಪ್ಪಳವೂ ಉಳಿಯುತ್ತದೆ, ಹಣವೂ ಹೋಗುತ್ತದೆ. ಹಲ್ಲುಗಳಿಗೆ ಬಣ್ಣ ಹಚ್ಚಿ ಒತ್ತು ಎಲ್ಲಿ ಬೀಳುತ್ತದೆಂದು ನೋಡಿ, ತೆಳುವಾದ ಶಿಮ್ಮುಗಳಿಂದ ಸರಿಪಡಿಸುವ ತಾಳ್ಮೆಯುಳ್ಳ ಕೈಗೇ ಈ ಕೆಲಸ ಒಪ್ಪಿಸಬೇಕು. ಹಳೆಯ ಗಾಡಿ ಕೊಳ್ಳುವವರಿಗೂ ಇಲ್ಲೊಂದು ಎಚ್ಚರಿಕೆ. ಮಾರುವ ಮುನ್ನ ಹೌಸಿಂಗಿಗೆ ಆಯಿಲಿನ ಬದಲು ಗಟ್ಟಿ ಗ್ರೀಸು ತುಂಬಿ ಸಪ್ಪಳ ಅಡಗಿಸುವುದುಂಟು. ಬಿರಡೆ ಬಿಚ್ಚಿ ಬೆರಳು ಅದ್ದಿ ನೋಡದೆ ಹಣ ಎಣಿಸಬೇಡಿರಿ.

ಕ್ರಮ ಇಷ್ಟೇ: ತೊಳೆಯುವುದು, ಕೇಳುವುದು, ಪ್ರಶ್ನೆ ಹಾಕುವುದು, ನಟ್ಟು ಬಿಗಿಯುವುದು, ಗ್ರೀಸು ಕೊಡುವುದು, ಆಯಿಲು ನೋಡುವುದು, ಇವೆಲ್ಲ ಮುಗಿದ ಮೇಲೆಯೇ ಬಿಚ್ಚುವುದು. ಅಗ್ಗದ್ದರಿಂದ ದುಬಾರಿಯ ಕಡೆಗೆ, ಹೊರಗಿನಿಂದ ಒಳಗಿನ ಕಡೆಗೆ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ “ಏನೋ ಆವಾಜ” ಎನ್ನುವ ಬದಲು, “ತವಂದಿ ಘಾಟಿ ಏರುವಾಗ ಗುಂಯ್ ಅಂತೈತಿ, ಇಳಿಯುವಾಗ ಇಲ್ಲ, ತಿರುವಿನ್ಯಾಗ ಬದಲಾಗೂದಿಲ್ಲ” ಎಂದು ಹೇಳಿ ನೋಡಿರಿ. ಮಿಸ್ತ್ರಿ ಪಾನಾ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಅವನು ಬಿಚ್ಚುವುದು ಬಿಚ್ಚಬೇಕಾದದ್ದನ್ನು ಮಾತ್ರ.